ಇದ್ದಿಲು ಲಾರಿ ಮತ್ತು ರಸ್ತೆಯ ಮೇಲಿನ ಜನ

ಕಳೆದ ಆಷಾಢದ ಒಂದು ಸೋಮವಾರ, ಹಳೇಬೀಡಿಗೂ ಬೇಲೂರಿಗೂ ನಡುವೆ, ಹಾಡಹಗಲಲ್ಲಿ, ಒಂದು ನರಪಿಳ್ಳೆಯೂ ಇಲ್ಲದ ರಸ್ತೆಯಲ್ಲಿ ನಾನು ಲಾರಿ ನಿಲ್ಲಿಸಿದೆ. ಜನರ ಮೇಲೆ ಹತ್ತಿಸಿಬಿಡುತ್ತೇನೆ ಎಂಬ ಭಯಕ್ಕೆ ನಿಲ್ಲಿಸಿದೆ.

ನಿಲ್ಲಿಸದೆ ಇದ್ದಿದ್ದರೆ ಅಂದಿನಿಂದ ನೀವು ಈ ಜಾಗದಲ್ಲಿ ಹಲ್ಲುಪುಡಿಯ ಜಾಹೀರಾತು ಓದಿಕೊಂಡಿರಬೇಕಾಗಿತ್ತು.

ಕೊಬ್ಬರಿ ಮಂಡಿಯಲ್ಲಿ ದಿಂಬಿಗೆ ಒರಗಿ ಅಂಕಣ ಬರೆಯುವ ಮನುಷ್ಯನಿಗೆ ಲಾರಿಯ ಸಹವಾಸ ಯಾಕೆ ಎಂದು ಕೇಳುತ್ತೀರಿ. (ನಾನು ಸೈಕಲ್ ಕಲಿಯಲು ಹೋಗಿ ಅರಸೀಕೆರೆ ಸಂತೆಯಲ್ಲಿ ಮಡಕೆ ಮಾರುವವಳ ಮೇಲೆ ಬಿದ್ದದ್ದನ್ನು ಓದಿದವರು ಇಷ್ಟರಲ್ಲೇ ನಗುತ್ತಿರಬಹುದು. ನಗಿ. ಮುಂದೆ ನಗುವುದಕ್ಕೆ ಹೆಚ್ಚು ಅವಕಾಶವಿಲ್ಲ.)

ಯುದ್ಧ ನಮ್ಮೂರಿಗೆ ಬಾಂಬು ಹಾಕಲಿಲ್ಲ. ಡ್ರೈವರುಗಳನ್ನು ಎತ್ತಿಕೊಂಡು ಹೋಯಿತು.

ನಮ್ಮ ಮಂಡಿಯ ಲಾರಿ ಓಡಿಸುತ್ತಿದ್ದವನು ಮಿಲಿಟರಿ ಸೇರಿ ಎಲ್ಲೋ ಅಸ್ಸಾಮಿನ ಕಡೆ ಹೋದ. ಅವನ ಜಾಗಕ್ಕೆ ಬಂದವನನ್ನು ಬೆಂಗಳೂರಿನ ಮಿಲಿಟರಿ ಕಂಟ್ರಾಕ್ಟರೊಬ್ಬ ಹೆಚ್ಚು ಸಂಬಳದ ಆಸೆ ತೋರಿಸಿ ಕರೆದುಕೊಂಡ. ಆಮೇಲೆ ಯಾರೂ ಸಿಗಲಿಲ್ಲ. ಲಾರಿ ಮಂಡಿಯ ಮುಂದೆ ನಿಂತೇ ಇತ್ತು. ಅದರ ಬಾನೆಟ್ಟಿನ ಮೇಲೆ ಪಕ್ಕದ ಮನೆಯ ಕೋಳಿಗಳು ಬಿಸಿಲು ಕಾಯಿಸತೊಡಗಿದವು. ಜಾವಗಲ್ಲಿನವರೂ ಗೆಂಡೆಹಳ್ಳಿಯವರೂ ಕಾಯಿ ಕೆಡವಿ ರಾಶಿ ಹಾಕಿದ್ದೇವೆ, ಗಾಡಿ ಯಾವಾಗ ಕಳಿಸುತ್ತೀರಿ ಎಂದು ಸಂತೆಗೆ ಬಂದವರ ಕೈಲಿ ಹೇಳಿಕಳಿಸುತ್ತಿದ್ದರು. ತಂದೆಯ ಕಾಲದಿಂದ ನಮಗೇ ಕಾಯಿ ಹಾಕುತ್ತಿದ್ದ ಮನೆಗಳು ಒಂದೊಂದಾಗಿ ಬೇರೆ ಮಂಡಿಯ ಕಡೆ ತಿರುಗಿದವು.

ಒಂದು ಬೆಳಿಗ್ಗೆ ನನ್ನ ಹೆಂಡತಿ ಪಾರ್ವತಿ ರೊಟ್ಟಿ ತಟ್ಟುತ್ತಲೇ ಹೇಳಿದಳು. "ಡ್ರೈವರ್ ಸಿಗಲ್ಲ, ಡ್ರೈವರ್ ಸಿಗಲ್ಲ ಅಂತ ಇನ್ನೆಷ್ಟು ದಿನ ಜಪ ಮಾಡ್ತೀರಿ? ಕೈಕಾಲು ನೆಟ್ಟಗಿವೆಯಲ್ಲ, ನೀವೇ ಕಲೀರಿ."

"ನಾನೇ?"

"ಮತ್ತೇನು, ನಾನು ಕಲೀಲಾ?"

ಕಲಿತೇಬಿಟ್ಟಾಳು ಎಂಬ ಭಯಕ್ಕೆ ಒಪ್ಪಿಕೊಂಡೆ.

ಕಲಿಸಲು ಸಿಕ್ಕಿದವರು ಗೆಂಡೆಹಳ್ಳಿಯ ಬೋರೇಗೌಡರು. ಬೇಲೂರು ಲೈನಿನಲ್ಲಿ ಬಸ್ಸು ಬಂದ ಮೊದಲ ದಿನಗಳಿಂದ ಸ್ಟೇರಿಂಗ್ ಹಿಡಿದವರು. ಮಿಲಿಟರಿಗೆ ಬೇಡವಾಗುವಷ್ಟು ವಯಸ್ಸು, ಲಾರಿಗೆ ಸಾಕಾಗುವಷ್ಟು ಕಸುವು. ಉದ್ದ ಕತ್ತು, ಸಣ್ಣ ದನಿ, ಬೇಡದ ಮಾತಿಲ್ಲ. ಯಾವ ಸಾವ್ಕಾರನ ಹತ್ತಿರವೂ ಖಾಯಂ ನಿಲ್ಲದೆ, ಇಂದು ಇವರ ಲಾರಿ, ನಾಳೆ ಅವರ ಲಾರಿ ಎಂದು ಬದಲಿ ಡ್ರೈವರಾಗಿ ಓಡಾಡಿಕೊಂಡಿದ್ದರು. ನಮ್ಮ ಲಾರಿಗೆ ಬಂದುಬಿಡಿ ಎಂದೆ. "ಒಂದೇ ಗೂಟಕ್ಕೆ ಕಟ್ ಹಾಕುಸ್ಕಬೇಡ ಅಂತದೆ ಮನ್ಸು. ಕಲುಸ್ಕೊಡ್ತೀನಿ ಬೇಕಾರೆ" ಎಂದರು.

ಈಗಿನ ಲಾರಿಗಳನ್ನು ಹತ್ತಿರದಿಂದ ನೋಡದವರಿಗೆ ಒಂದು ಮಾತು ಹೇಳಬೇಕು. ಪೆಟ್ರೋಲಿಗೆ ರೇಷನ್ ಬಂದ ಮೇಲೆ ಇವುಗಳ ಬೆನ್ನಿಗೆ ಗ್ಯಾಸ್ ಪ್ಲಾಂಟ್ ಕಟ್ಟಿದ್ದಾರೆ. ಡ್ರೈವರ್ ಕೂರುವ ಗೂಡಿನ ಹಿಂದೆಯೇ ಆಳೆತ್ತರದ ಕಬ್ಬಿಣದ ಡ್ರಮ್ಮು. ಮೇಲಿಂದ ಇದ್ದಿಲು ತುಂಬಬೇಕು, ಕೆಳಗೆ ಬೆಂಕಿ ಕೊಡಬೇಕು, ಕೈಯಿಂದ ಫ್ಯಾನ್ ತಿರುಗಿಸಬೇಕು. ಇದ್ದಿಲಿನಿಂದ ಹುಟ್ಟಿದ ಗ್ಯಾಸು ಪೈಪಿನಲ್ಲಿ ನಮ್ಮ ಸೀಟಿನ ಅಡಿಯಲ್ಲೇ ಹಾದು ಇಂಜಿನ್ನಿಗೆ ಹೋಗುತ್ತದೆ. ಲಾರಿ ಓಡುತ್ತದೆ. ಓಡುತ್ತದೆ ಎಂದರೆ, ದಿಣ್ಣೆ ಬಂದರೆ ಎಮ್ಮೆಯೇ ನಮ್ಮನ್ನು ಹಿಂದಿಕ್ಕಿ ಹೋಗುತ್ತದೆ.

ರೈಲ್ವೆ ಗೂಡ್ಸ್ ಷೆಡ್ಡಿನ ಆಚೆಯ ಬಯಲಿನಲ್ಲಿ ನನ್ನ ವಿದ್ಯಾಭ್ಯಾಸ ಶುರುವಾಯಿತು. ಮೊದಲ ಪಾಠ ಇಂಜಿನ್ ಶುರುಮಾಡಲು ಮುಂದಿನಿಂದ ಹ್ಯಾಂಡಲ್ ಹೊಡೆಯುವುದು. "ಹೆಬ್ಬೆಟ್ಟು ಬೆರಳುಗಳ ಜೊತೇಲೆ ಇರ್ಲಿ ಸಾವ್ಕಾರ್ರೇ, ಸುತ್ತಿ ಹಿಡೀಬೇಡಿ. ಹ್ಯಾಂಡ್ಲು ವಾಪಸ್ ಒದ್ರೆ ಮೂಳೆ ಮುರೀತದೆ." ಆಮೇಲೆ ಗೇರು. ಕ್ಲಚ್ಚು ಒತ್ತಬೇಕು, ಗೇರನ್ನು ನಡುವಿಗೆ ತರಬೇಕು, ಕಾಲು ಬಿಡಬೇಕು, ಮತ್ತೆ ಒತ್ತಬೇಕು, ಆಗ ಹಾಕಬೇಕು. ನಾನು ಹಾಕಿದಾಗಲೆಲ್ಲ ಗಾಣಕ್ಕೆ ಕಲ್ಲು ಸಿಕ್ಕಿದ ಸದ್ದು. ಷೆಡ್ಡಿನ ಹಮಾಲಿಗಳು ಮೂಟೆ ಇಳಿಸಿ ನಿಂತು ನೋಡುತ್ತಿದ್ದರು.

ಕೈ ಸ್ವಲ್ಪ ಕುದುರಿದ ಮೇಲೆ ಹಿಂಡಿ ಮೂಟೆ ಹೇರಿಸಿ ಜಾವಗಲ್ ರಸ್ತೆಗೆ ಇಳಿಸಿದರು. "ಲೋಡ್ ಗಾಡಿಗೆ ನೀವು ಹೇಳಿದ್ದು ತಡವಾಗಿ ಕೇಳ್ತದೆ. ನಿಲ್ಲು ಅನ್ನೋದ್ನ ಮುಂಚೇನೇ ಹೇಳ್ಬೇಕು" ಎಂದರು. (ನಮ್ಮ ಮುನಿಸಿಪಾಲಿಟಿಗೂ ಈ ಮಾತು ಸಲ್ಲುತ್ತದೆ. ಇರಲಿ.)

ಆ ರಸ್ತೆಯಲ್ಲೇ ನನಗೆ ಮೊದಲು ವಿಚಿತ್ರ ಅನ್ನಿಸಿದ್ದು.

ರಸ್ತೆ ನೆಟ್ಟಗೆ, ಬರಿದಾಗಿ ಬಿದ್ದಿರುತ್ತಿತ್ತು. ಎದುರಿಗೆ ಎತ್ತಿನ ಗಾಡಿಯಿಲ್ಲ, ದನವಿಲ್ಲ, ಒಂದು ನಾಯಿಯೂ ಇಲ್ಲ. ಬೋರೇಗೌಡರು ಮೆಲ್ಲಗೆ ಬಗ್ಗಿ ನನ್ನ ಪಕ್ಕದ ಹಾರ್ನಿನ ರಬ್ಬರು ಬುರುಡೆ ಒತ್ತುವರು. ಒಮ್ಮೊಮ್ಮೆ "ನಿಧಾನ, ನಿಧಾನ" ಎನ್ನುವರು. ಕಣ್ಣು ರಸ್ತೆಯ ಬಲ ಅಂಚಿನಿಂದ ಎಡ ಅಂಚಿಗೆ ಹೋಗುವುದು, ಯಾರೋ ದಾಟುತ್ತಿರುವುದನ್ನು ನೋಡುವಂತೆ. ಅವರು ದಾಟಿ ಮುಗಿಸಿದ ಮೇಲೆ, "ಹೂಂ, ಬಿಡಿ ಈಗ" ಎನ್ನುವರು.

ಒಂದು ದಿನ ಕೇಳಿದೆ. "ಯಾರಿಗೆ ಗೌಡ್ರೇ ಹಾರ್ನು?"

"ಈ ಗ್ಯಾಸ್ ಗಾಡಿ ಬಂದ್ಮೇಲೆ ಈ ರಸ್ತೇಲಿ ಜನ ಜಾಸ್ತಿ ಆಗವ್ರೆ ಕಣ್ರೀ."

"ಯಾವ ಜನ? ನನಗೊಬ್ಬರೂ ಕಾಣಲಿಲ್ಲವಲ್ಲ."

"ಹಿಂದೆ ಇದ್ದೋರು" ಎಂದರು. ರಾಗಿ ಧಾರಣೆ ಹೇಳುವ ದನಿಯಲ್ಲಿ. ಆಮೇಲೆ ನನ್ನ ಗೇರಿನ ತಪ್ಪು ತೋರಿಸಿದರು.

ನಾನು ಸುಮ್ಮನಿರುವ ಜಾತಿಯವನಲ್ಲ. ಸ್ಟೇಷನ್ನಿನ ಮುಂದಿನ ಕಾಫಿ ಹೋಟೆಲಿನಲ್ಲಿ ಕೂರುವ ಡ್ರೈವರುಗಳನ್ನು ವಿಚಾರಿಸಿದೆ. ಒಬ್ಬನಿಗೆ ಹಗಲಿನಲ್ಲೂ ಲಾಟೀನು ಹಿಡಿದ ಮುದುಕ ಕಾಣುತ್ತಾನಂತೆ. ಒಬ್ಬ ಸೀಟಿನ ಕೆಳಗೆ ನಿಂಬೆಹಣ್ಣು ಇಟ್ಟುಕೊಂಡಿದ್ದಾನೆ. ಇನ್ನೊಬ್ಬ, "ಹಳೇಬೀಡು ಹಾಳಾದ ರಾಜಧಾನಿ ಅಲ್ವಾ ಸ್ವಾಮಿ, ಸತ್ತೋರ್ಗೆ ಊರು ಬಿಟ್ಟು ಹೋಗಾಕೆ ಮನಸ್ ಬರಕಿಲ್ಲ" ಎಂದು ತೀರ್ಪು ಕೊಟ್ಟ. ಪೆಟ್ರೋಲ್ ಹಾಕುತ್ತಿದ್ದ ಕಾಲದಲ್ಲಿ ಇವರೆಲ್ಲ ಎಲ್ಲಿ ಹೋಗಿದ್ದರು ಎಂದು ನಾನು ಕೇಳಿದೆ. ನಾನು ನಕ್ಕು ಕಾಫಿ ಕುಡಿದೆ.

ನಗುವವನಿಗೆ ಅಂದು ಒಂದು ವಿಷಯ ಹೊಳೆಯಬಹುದಿತ್ತು. ಪಾಠ ಮುಗಿಸಿ ಬಂದ ದಿನವೆಲ್ಲ ನನಗೆ ಹಣೆ ಸಿಡಿಯುವ ಹಾಗೆ ತಲೆನೋವು ಬರುತ್ತಿತ್ತು. ಗಾಬರಿಗೆ ಬರುತ್ತದೆ ಎಂದುಕೊಂಡಿದ್ದೆ. ಪಾರ್ವತಿ ಶುಂಠಿ ಅರೆದು ಪಟ್ಟು ಹಾಕುತ್ತಿದ್ದಳು.

ಟೆಸ್ಟಿನ ದಿನ ಬಂತು. ಮೋಟಾರು ಇನ್ಸ್‌ಪೆಕ್ಟರು ಹಳೇಬೀಡಿನಲ್ಲಿ ಕ್ಯಾಂಪ್ ಮಾಡಿದ್ದರು. (ಅವರ ಹೆಸರು ಬರೆಯುವುದಿಲ್ಲ. ಬರೆಯಬೇಡಿ ಎಂದು ಕೇಳಿಕೊಂಡಿದ್ದಾರೆ.) ನಾನು ಬೆಳಗಿನಿಂದ ನೀರು ಬಿಟ್ಟರೆ ಏನೂ ಮುಟ್ಟಿರಲಿಲ್ಲ. ಅಷ್ಟು ಪುಕ್ಕಲು. ಬೋರೇಗೌಡರನ್ನು ಕೂರಿಸಿಕೊಂಡು, ಹಿಂಡಿ ಮೂಟೆ ಹೇರಿಕೊಂಡು ಹಳೇಬೀಡು ಸೇರಿದಾಗ ಇನ್ಸ್‌ಪೆಕ್ಟರು ಶಾನುಭೋಗರ ಮನೆಯಲ್ಲಿ ಊಟಕ್ಕೆ ಕೂತಿದ್ದರು. ಊಟ ಮುಗಿಸಿ, ಕೋಟಿನ ಗುಂಡಿ ಹಾಕಿಕೊಳ್ಳುತ್ತ, ಎಲೆಅಡಿಕೆ ಜಗಿಯುತ್ತ ಬಂದರು. ಸಣಕಲು ಮನುಷ್ಯ, ಶಿಸ್ತು ಜಾಸ್ತಿ.

ಕೆರೆ ಏರಿಯ ಪಕ್ಕ ಎರಡು ಕಲ್ಲು ಇಡಿಸಿ, ಅವುಗಳ ನಡುವೆ ರಿವರ್ಸ್ ತೆಗೆಯಿರಿ ಎಂದರು. ತೆಗೆದೆ. ಕಲ್ಲು ಉಳಿದವು. ಎಡಕ್ಕೆ ತಿರುಗುವಾಗ ಕೈ ಹೇಗೆ, ಬಲಕ್ಕೆ ಹೇಗೆ, ನಿಲ್ಲಿಸುವಾಗ ಹೇಗೆ ಎಂದು ಕೇಳಿದರು. ಕೈ ಬೀಸಿ ತೋರಿಸಿದೆ.

"ಸರಿ. ನನಗೆ ಹೇಗೂ ಬೇಲೂರಿಗೆ ಹೋಗಬೇಕು" ಎಂದರು ಇನ್ಸ್‌ಪೆಕ್ಟರು. "ಅಲ್ಲೀತನಕ ಓಡಿಸಿ. ಅದೇ ಟೆಸ್ಟು."

ಸರ್ಕಾರದ ಮಿತವ್ಯಯ ಎಂದರೆ ಇದೇ ಅಲ್ಲವೇ?

ನಾನು ಸ್ಟೇರಿಂಗಿನ ಮುಂದೆ. ಎಡ ತುದಿಗೆ ಇನ್ಸ್‌ಪೆಕ್ಟರು. ನಮ್ಮಿಬ್ಬರ ನಡುವೆ ಬೋರೇಗೌಡರು. ಊರು ದಾಟುತ್ತಲೇ ಆಷಾಢದ ಗಾಳಿ ಬೀಸಿತು, ಜೊತೆಗೆ ಸೋನೆ. ಮಳೆಹನಿ ಇನ್ಸ್‌ಪೆಕ್ಟರ ಕೋಟಿನ ಮೇಲೆ ಬೀಳತೊಡಗಿತು. ಅವರು ಎರಡೂ ಕಡೆಯ ಅರೆಬಾಗಿಲ ಮೇಲಿನ ಕ್ಯಾನ್ವಾಸ್ ಪರದೆ ಇಳಿಬಿಡಿಸಿ ಬಿಗಿಯಾಗಿ ಕಟ್ಟಿಸಿದರು. ಒಳಗೆ ಬೆಚ್ಚಗಾಯಿತು. ಮಬ್ಬಾಯಿತು.

ಸ್ವಲ್ಪ ದೂರದವರೆಗೆ ಇನ್ಸ್‌ಪೆಕ್ಟರು ಪ್ರಶ್ನೆ ಕೇಳುತ್ತಿದ್ದರು. ಆಮೇಲೆ ಕೇಳಲಿಲ್ಲ. ನನ್ನ ತಲೆನೋವು ಶುರುವಾಗಿ, ಏರಿ, ಯಾವಾಗಲೋ ತಾನಾಗಿ ಹೊರಟುಹೋಯಿತು. ಅದು ಹೋದದ್ದೇ ಎಷ್ಟು ಹಾಯಾಗಿತ್ತೆಂದರೆ, ಇಷ್ಟು ಚೆನ್ನಾಗಿ ನಾನೆಂದೂ ಓಡಿಸಿರಲಿಲ್ಲ ಅನ್ನಿಸಿತು. ಗೇರು ಬೆಣ್ಣೆಯ ಹಾಗೆ ಬೀಳುತ್ತಿತ್ತು. ಇಂಜಿನ್ನಿನ ಸದ್ದು ದೂರದ ಗಿರಣಿಯದೆಂಬಂತೆ ಕೇಳುತ್ತಿತ್ತು. ಆಮೇಲೆ ಕೇಳಲೇ ಇಲ್ಲ.

ಆಗ ರಸ್ತೆಯ ಮೇಲೆ ಜನ ಕೂತಿದ್ದರು.

ಊಟಕ್ಕೆ ಕೂತಿದ್ದರು. ಮದುವೆ ಮನೆಯ ಪಂಕ್ತಿಯ ಹಾಗೆ, ರಸ್ತೆಯ ಉದ್ದಕ್ಕೂ ಆ ಕಡೆ ಒಂದು ಸಾಲು, ಈ ಕಡೆ ಒಂದು ಸಾಲು, ಎದುರುಬದುರಾಗಿ. ಮುಂದೆ ಬಾಳೆ ಎಲೆ. ನಡುವೆ ಬಡಿಸುವವರು ಓಡಾಡಲು ಬಿಟ್ಟ ದಾರಿ. ಆ ದಾರಿಯಲ್ಲಿ ನನ್ನ ಲಾರಿ ಹೋಗುತ್ತಿತ್ತು.

ನನಗೆ ಆಶ್ಚರ್ಯವಾಗಲಿಲ್ಲ. ಈಗ ಬರೆಯುವಾಗ ಮೈ ಜುಮ್ಮೆನ್ನುವುದು ಅದಕ್ಕೇ. ಅಷ್ಟು ಜನ ರಸ್ತೆಯಲ್ಲಿ ಉಣ್ಣಲು ಕೂತಿದ್ದು ಸರಿಯಾಗಿಯೇ ಇದೆ, ಎಲೆ ತುಳಿಯದೆ ಹೋಗುವುದಷ್ಟೇ ನನ್ನ ಕೆಲಸ ಎಂದು ಸ್ಟೇರಿಂಗ್ ನೆಟ್ಟಗೆ ಹಿಡಿದಿದ್ದೆ. ಟೆಸ್ಟು ಅಲ್ಲವೇ?

ಯಾರೂ ಉಣ್ಣುತ್ತಿರಲಿಲ್ಲ. ಎಲೆಯ ತುಂಬ ಬಡಿಸಿತ್ತು, ಎಲ್ಲರೂ ತಲೆ ತಗ್ಗಿಸಿ ಕೈ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಪಂಕ್ತಿಯಲ್ಲಿ ಕೊನೆಯವರು ಕೂರುವ ತನಕ ಉಳಿದವರು ಕಾಯುತ್ತಾರಲ್ಲ, ಹಾಗೆ. ಸೋನೆ ಸುರಿಯುತ್ತಿತ್ತು. ಎಲೆಗಳು ಒಣಗಿಯೇ ಇದ್ದವು.

ಮುಂದೆ ಮುಂದೆ ಸಾಲುಗಳು ಹತ್ತಿರವಾಗುತ್ತ ಬಂದವು. ದಾರಿ ಕಿರಿದಾಯಿತು. ಎರಡೂ ಕಡೆಯವರ ಮೊಣಕಾಲುಗಳು ಚಕ್ರಕ್ಕೆ ತಾಕುವಷ್ಟು ಹತ್ತಿರ. ಆ ತುದಿಯಲ್ಲಿ ಕೆಲವು ಎಲೆಗಳ ಮುಂದೆ ಯಾರೂ ಕೂತಿರಲಿಲ್ಲ. ಅಲ್ಲೂ ಬಡಿಸಿತ್ತು. ಪಕ್ಕದಲ್ಲಿ ಕೂತಿದ್ದವನೊಬ್ಬ, ನಾವು ಬಂದೆವೇ ಎಂದು ನೋಡಲು ಮೆಲ್ಲಗೆ ತಲೆ ಎತ್ತತೊಡಗಿದ.

ಅವನ ಮುಖ ಕಾಣುವ ಮುಂಚೆ ನನ್ನ ಕಾಲು ಬ್ರೇಕಿನ ಮೇಲೆ ಬಿತ್ತು. ಎರಡು ಕೈಯಿಂದಲೂ ಹ್ಯಾಂಡ್ ಬ್ರೇಕ್ ಎಳೆದೆ. ಲಾರಿ ಜಾರಿ, ಅಡ್ಡ ತಿರುಗಿ, ಇಂಜಿನ್ ನಿಂತುಹೋಯಿತು.

ಕ್ಷಮೆ ಕೇಳೋಣವೆಂದು ಬಾಗಿಲು ತೆಗೆದು ಇಳಿದೆ. ಇಳಿದೆ ಎಂದುಕೊಂಡೆ. ಕಾಲು ನಿಲ್ಲಲಿಲ್ಲ. ಕೆಸರಿನಲ್ಲಿ ಮುಖ ಅಡಿಯಾಗಿ ಬಿದ್ದೆ.

ತಣ್ಣನೆಯ ಮಳೆ ಕತ್ತಿನ ಮೇಲೆ ಬೀಳುತ್ತಿತ್ತು. ಎಷ್ಟು ಹೊತ್ತು ಹಾಗೇ ಇದ್ದೆನೋ. ತಲೆ ಎತ್ತಿದಾಗ ರಸ್ತೆ ಬರಿದಾಗಿತ್ತು. ಕೆಂಪು ನೀರು, ಲಂಟಾನದ ಪೊದೆ, ಬೀಸುವ ಗಾಳಿ. ಸ್ವಲ್ಪ ಮುಂದೆ ರಸ್ತೆ ಒಂದು ಕೆರೆಯ ಏರಿ ಹತ್ತಿ ಗಕ್ಕನೆ ತಿರುಗಿತ್ತು. ನಾನು ನೆಟ್ಟಗೆ ಹಿಡಿದಿದ್ದೆನಲ್ಲ, ಆ ನೇರಕ್ಕೆ ಇದ್ದದ್ದು ನೀರು.

ಆಗ ಹೊಳೆಯಿತು, ಒಳಗಿದ್ದ ಇಬ್ಬರೂ ಇಳಿದಿಲ್ಲ.

ತೆವಳಿಕೊಂಡು ಹೋಗಿ ಎಡಗಡೆಯ ಪರದೆ ಕಿತ್ತೆ. ಇನ್ಸ್‌ಪೆಕ್ಟರು ಕಣ್ಣು ಬಿಟ್ಟುಕೊಂಡು ರಸ್ತೆಯನ್ನೇ ನೋಡುತ್ತಿದ್ದರು, ಕರೆದರೆ ಮಾತಿಲ್ಲ. ಕೋಟು ಹಿಡಿದು ಎಳೆದೆ. ಬಿದ್ದರು, ಮಳೆಗೆ ಎಚ್ಚರವಾದರು, ವಾಂತಿ ಮಾಡಿಕೊಂಡರು. ಬೋರೇಗೌಡರ ತಲೆ ಎದೆಯ ಮೇಲೆ ವಾಲಿತ್ತು. ಮುಖ ಕೆಂಪೇರಿತ್ತು. ತುಟಿಯ ಮೇಲೆ ಸಣ್ಣ ನಗು ಇತ್ತು. ಇಬ್ಬರೂ ಸೇರಿ ಅವರನ್ನು ಹೊರಗೆ ಎಳೆದು ಲಂಟಾನದ ಪಕ್ಕ ಮಲಗಿಸಿದೆವು. ಉಸಿರು ಇದೆಯೋ ಇಲ್ಲವೋ ಎನ್ನುವ ಹಾಗಿತ್ತು.

ನಾನು ಅವರ ಎದೆ ತಿಕ್ಕುತ್ತಿದ್ದೆ. ಇನ್ಸ್‌ಪೆಕ್ಟರು ಹಿಂದೆ ನಿಂತು ಬಾಯಿ ಒರೆಸಿಕೊಂಡು, ರಸ್ತೆಯ ಕಡೆ ನೋಡುತ್ತ ಕೇಳಿದರು.

"ಎಲ್ಲರೂ ಎದ್ದು ಹೋದರಾ?"

ನಾನು ತಿರುಗಿ ನೋಡಿದೆ. ನಾನು ಅವರಿಗೆ ಏನೂ ಹೇಳಿರಲಿಲ್ಲ. ಒಂದು ಮಾತೂ ಹೇಳಿರಲಿಲ್ಲ.

ಹಿಂದಿನಿಂದ ಬಂದ ಎತ್ತಿನ ಗಾಡಿಯವನೊಬ್ಬ ಗೌಡರ ಮುಖಕ್ಕೆ ನೀರು ಹೊಡೆದ, ಅಂಗಾಲು ಉಜ್ಜಿದ. ಬಹಳ ಹೊತ್ತಿನ ಮೇಲೆ ಅವರು ಕಣ್ಣು ತೆರೆದರು. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ನಿದ್ದೆಯಿಂದ ಎಬ್ಬಿಸಿದ ಮಗುವಿನ ಹಾಗೆ ಮುಖ ಸಿಂಡರಿಸಿ, "ಯಾಕ್ ಎಳುದ್ರಿ?" ಎಂದರು.

ಗಾಡಿಯಲ್ಲೇ ಬೇಲೂರಿನ ಆಸ್ಪತ್ರೆಗೆ ಹೋದೆವು. ಡಾಕ್ಟರು ಮೂವರನ್ನೂ ನೋಡಿ, ಲಾರಿಯ ವಿಷಯ ಕೇಳಿ, ತಲೆಯಾಡಿಸಿದರು. ಇದ್ದಿಲಿನ ಗ್ಯಾಸು ವಿಷವಂತೆ. ಹೊಗೆಗೆ ವಾಸನೆ ಉಂಟು, ವಿಷಕ್ಕೆ ವಾಸನೆಯಿಲ್ಲ. ಪೈಪು ಎಲ್ಲೋ ಬಿರುಕು ಬಿಟ್ಟಿರಬೇಕು, ಪರದೆ ಕಟ್ಟಿದ್ದರಿಂದ ಗೂಡಿನಲ್ಲಿ ತುಂಬಿಕೊಂಡಿದೆ. ಮೊದಲು ತಲೆನೋವು, ಆಮೇಲೆ ಮಂಪರು. ಆಮೇಲೆ ಇಲ್ಲದ್ದು ಕಾಣುತ್ತದೆ. ಆಮೇಲೆ ಬರುವ ನಿದ್ದೆಯಿಂದ ಯಾರೂ ಏಳುವುದಿಲ್ಲ.

ಮೋಟಾರು ಮೇಸ್ತ್ರಿ ಬಂದು ನೋಡಿದಾಗ ಹಾಗೆಯೇ ಆಗಿತ್ತು. ನಡುವಿನ ಸೀಟಿನ ಕೆಳಗೆ, ಪೈಪಿನ ಬೆಸುಗೆ ಬೆರಳು ತೂರುವಷ್ಟು ಬಿಟ್ಟುಕೊಂಡಿತ್ತು.

ಅಲ್ಲಿಗೆ ರಸ್ತೆಯ ಮೇಲಿನ ಜನರ ವಿಷಯ ಮುಗಿಯಿತಲ್ಲವೇ? ಪೆಟ್ರೋಲಿನ ಕಾಲದಲ್ಲಿ ಅವರೆಲ್ಲ ಎಲ್ಲಿ ಹೋಗಿದ್ದರು ಎಂಬ ನನ್ನ ಪ್ರಶ್ನೆಗೂ ಉತ್ತರ ಸಿಕ್ಕಿತು. ನಾನು ಸಮಾಧಾನ ಪಟ್ಟುಕೊಂಡೆ. ಮನೆಗೆ ಬಂದು ಪಾರ್ವತಿಗೆ ಎಲ್ಲ ಹೇಳಿದೆ.

"ಬೆಳಿಗ್ಗೆಯಿಂದ ಹೊಟ್ಟೆಗಿಲ್ಲದೆ ಹೋಗಿದ್ರಿ. ಹಸಿದವರಿಗೆ ಊಟದ ಪಂಕ್ತಿ ಕಾಣದೆ ಇನ್ನೇನು ಕಾಣುತ್ತೆ?" ಎಂದಳು.

"ಇನ್ಸ್‌ಪೆಕ್ಟರು ಹೊಟ್ಟೆ ತುಂಬ ಊಟ ಮಾಡಿದ್ದರಲ್ಲ?"

ಅವಳು ಎದ್ದು ಹೋಗಿ ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕಿದಳು.

ವಾರದ ಮೇಲೆ ಲೈಸೆನ್ಸಿಗಾಗಿ ಇನ್ಸ್‌ಪೆಕ್ಟರನ್ನು ಕಂಡೆ. ಫೇಲ್ ಆದೆನೆಂದೇ ತಿಳಿದಿದ್ದೆ. ಅವರು ಸಹಿ ಹಾಕಿ ಕೊಟ್ಟರು. "ರಸ್ತೆಯ ಮೇಲೆ ಜನ ಇದ್ದರೆ ನಿಲ್ಲಿಸಬೇಕು ಅಂತ ರೂಲು. ನೀವು ನಿಲ್ಲಿಸಿದಿರಿ. ಪಾಸು."

"ಜನ ಇದ್ದರೇ ಸ್ವಾಮಿ?"

ಅವರು ಪೆನ್ನಿನ ಮುಚ್ಚಳ ಹಾಕಿದರು. "ಅದು ಟೆಸ್ಟಿಗೆ ಸೇರಿದ ಪ್ರಶ್ನೆ ಅಲ್ಲ."

"ಎಲ್ಲರೂ ಎದ್ದು ಹೋದರಾ ಅಂತ ಕೇಳಿದಿರಲ್ಲ."

"ನಾನು ಹಾಗೆ ಕೇಳಿದೆನೇ?" ಎಂದರು. ಮುಖ ನೋಡಿದೆ. ಸುಳ್ಳು ಹೇಳುವವರ ಮುಖ ಅಲ್ಲ. ನೆನಪಿಸಿಕೊಳ್ಳಲು ಇಷ್ಟವಿಲ್ಲದವರದು.

ಇಷ್ಟಾಗಿ ಈ ಕಥೆಯನ್ನು ಇಷ್ಟು ದಿನ ಬರೆಯದೆ ಯಾಕಿದ್ದೆ? ಬೋರೇಗೌಡರಿಂದ.

ಆಸ್ಪತ್ರೆಯಿಂದ ಹೊರಬಂದು ಸುಧಾರಿಸಿಕೊಂಡ ಮೇಲೆ ಅವರು ಮಂಡಿಗೆ ಬಂದರು. ಪಾರ್ವತಿ ಕಾಫಿ ಕೊಟ್ಟಳು. ಲೋಟ ಕೈಯಲ್ಲಿ ಹಿಡಿದು ಕೇಳಿದರು.

"ಆ ಪೈಪು ಬೆಸುಗೆ ಹಾಕುಸ್ಬಿಟ್ರಾ?"

"ಅವತ್ತೇ ಹಾಕಿಸಿದೆ."

"ಗಟ್ಟಿಯಾಗೈತಾ?"

"ಚೆನ್ನಾಗಿ ಗಟ್ಟಿಯಾಗಿದೆ."

ಕಾಫಿ ಹಾಗೇ ಇಟ್ಟು ಎದ್ದು ಹೋದರು. ಆಮೇಲೆ ನನ್ನ ಲಾರಿಯ ಕಡೆ ಬರಲಿಲ್ಲ. ಊರಿನ ಇನ್ನೊಬ್ಬ ಸಾವ್ಕಾರರ ಹಳೆಯ ಗ್ಯಾಸ್ ಲಾರಿಗೆ ಸೇರಿದರೆಂದು ಕೇಳಿದೆ. ಶ್ರಾವಣದ ಬಿಸಿಲು ಬಿದ್ದರೂ ಪರದೆ ಇಳಿಬಿಟ್ಟುಕೊಂಡೇ ಓಡಿಸುತ್ತಾರೆ ಎಂದೂ ಕೇಳಿದೆ.

ನಾನು ಆ ಸಾವ್ಕಾರರ ಹತ್ತಿರ ಹೋಗಿ, ನಡೆದದ್ದನ್ನು ಹೇಳಿ, ಪೈಪು ನೋಡಿಸಿ ಎಂದೆ. ಒಳ್ಳೆಯವರು, ನೋಡಿಸಿದರು. ಅಲ್ಲೂ ಬಿರುಕಿತ್ತು, ಮುಚ್ಚಿಸಿದರು. ಮರುದಿನವೇ ಗೌಡರು ಆ ಕೆಲಸ ಬಿಟ್ಟರು. ಅರಸೀಕೆರೆಯಲ್ಲಿ ಗ್ಯಾಸ್ ಲಾರಿಗಳಿಗೇನು ಬರವೇ? ಇನ್ನೊಂದಕ್ಕೆ ಸೇರಿದರು.

ಗೆಂಡೆಹಳ್ಳಿಗೇ ಹೋದೆ. ಗೌಡರು ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ಮುಖ ಇಳಿದಿತ್ತು. ನಾನು ಸುತ್ತುಬಳಸದೆ ಕೇಳಿದೆ. "ಗೌಡ್ರೇ, ನಿಮಗೆ ಗೊತ್ತಿದೆ ಅದು ವಿಷ ಅಂತ. ಡಾಕ್ಟರು ನಿಮ್ಮೆದುರಿಗೇ ಹೇಳಿದರು. ಯಾಕೆ ಹೀಗೆ ಮಾಡ್ತೀರಿ?"

ಹಗ್ಗ ಹೊಸೆಯುತ್ತಲೇ ಹೇಳಿದರು.

"ನಮ್ಮನೆಯೋಳು ಹೋದಾಗ ನಾನು ಬಸ್ ತಗಂಡು ಚಿಕ್ಮಗ್ಳೂರ್ಗೆ ಹೋಗಿದ್ದೆ. ಜ್ವರ ಅಂತ ಗೊತ್ತಿತ್ತು, ಸಾಯೋ ಜ್ವರ ಅಂತ ಗೊತ್ತಿರ್ಲಿಲ್ಲ. ಬರೋ ಹೊತ್ಗೆ ಮಣ್ಣು ಮಾಡಿದ್ರು. ಮಖ ನೋಡ್ನಿಲ್ಲ." ಹಗ್ಗ ಕೆಳಗಿಟ್ಟರು. "ಗ್ಯಾಸ್ ಗಾಡಿ ಬಂದ್ಮೇಲೆ ಕಾಣುಸ್ಕೊಂಡ್ಲು. ಹುಲ್ಲಿನ ಹೊರೆ ಹೊತ್ಕಂಡು ರಸ್ತೆ ದಾಟ್ತಾಳೆ. ಎಲ್ರ ಜೊತೇಲೆ. ಮಾತಿಲ್ಲ, ಕತೆಯಿಲ್ಲ. ಒಂದ್ಕಿತ ತಿರುಗಿ ನೋಡ್ತಾಳೆ, ಅಷ್ಟೆ."

"ಅದು ಗ್ಯಾಸಿನಿಂದ ಕಾಣೋದು ಗೌಡ್ರೇ. ನನಗೂ ಕಂಡಿತು."

"ನಿಮ್ಗೆ ಕಂಡೋರು ನಿಮ್ಮೋರಲ್ಲ ಸಾವ್ಕಾರ್ರೇ. ಅದಕ್ಕೇ ನಿಮ್ಗೆ ಭಯ ಆಯ್ತು."

ಈ ಮಾತಿಗೆ ನಿಮ್ಮ ಹತ್ತಿರ ಉತ್ತರ ಇದೆಯೇ? ಮನೆಮನೆಯಲ್ಲೂ ಮುಖ ನೋಡದೆ ಕಳೆದುಕೊಂಡವರು ಒಬ್ಬರಾದರೂ ಇರುತ್ತಾರೆ. ಈ ಯುದ್ಧ ಮುಗಿಯುವ ಹೊತ್ತಿಗೆ ಇನ್ನೂ ಹೆಚ್ಚಾಗುತ್ತಾರೆ. ಹಿಡಿ ಇದ್ದಿಲಿಗೆ ಅವರು ಒಂದು ಸಲ ತಿರುಗಿ ನೋಡುತ್ತಾರೆ ಎಂದರೆ ಎಷ್ಟು ಜನ ಬಾಗಿಲು ಕಿಟಕಿ ಮುಚ್ಚಿಕೊಂಡು ಕೂರುವುದಿಲ್ಲ?

ಆದರೂ ಒಂದು ಮಾತು ಹೇಳಲೇಬೇಕಾಗಿತ್ತು. "ಸತ್ತೋಗ್ತೀರಿ ಗೌಡ್ರೇ."

"ಸಾಯಾಕೆ ಯಾರ್ ಹೊಂಟವ್ರೆ? ನೋಡ್ಕಂಡು ಬತ್ತೀನಿ, ಅಷ್ಟೆ."

"ರಸ್ತೆಯಲ್ಲಿ ಬದುಕಿರೋ ಜನಾನೂ ಓಡಾಡ್ತಾರಲ್ಲ. ಅವರ ಗತಿ?"

ಅವರು ಮೊದಲ ಸಲ ನನ್ನ ಕಣ್ಣಿಗೆ ಕಣ್ಣು ಕೊಟ್ಟು ನೋಡಿದರು. ಆ ಕಣ್ಣಿನಲ್ಲಿ ನಾನು ಎಂದೂ ಕಾಣದ ದಿಗಿಲು ಇತ್ತು.

"ಅದೊಂದೇ ಭಯ" ಎಂದರು, ದನಿ ತಗ್ಗಿಸಿ. "ಯಾರು ಯಾವ ಕಡೆಯೋರು ಅಂತ ಈಗೀಗ ಗೊತ್ತಾಗಕಿಲ್ಲ."

ಇನ್ನು ಗಾಡಿ ಮುಟ್ಟುವುದಿಲ್ಲ ಎಂದು ನನ್ನ ಕೈ ಹಿಡಿದು ಹೇಳಿದರು. ಅವರ ಮಗಳೂ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ನಾನು ನಂಬಿ ಹಗುರವಾಗಿ ಊರಿಗೆ ಬಂದೆ. ಗೌರಿ ಹಬ್ಬದ ತನಕ ಅವರು ಗಾಡಿ ಹತ್ತಲಿಲ್ಲ ಎಂದೇ ಎಲ್ಲರೂ ಹೇಳಿದರು.

ಮೊನ್ನೆ ಬುಧವಾರ ಜಾವಗಲ್ಲಿನಿಂದ ಕಾಯಿ ಹೇರಿಕೊಂಡು ಬರುತ್ತಿದ್ದೆ. ಒಳ್ಳೆಯ ಬಿಸಿಲು. ಎದುರಿನಿಂದ ಒಂದು ಲಾರಿ ಬಂತು. ಯಾರದೆಂದು ತಿಳಿಯಲಿಲ್ಲ. ಎರಡೂ ಕಡೆಯ ಪರದೆ ಇಳಿಬಿಟ್ಟಿತ್ತು. ಗಾಜಿನ ಹಿಂದೆ ಉದ್ದ ಕತ್ತು ಕಂಡದ್ದೇ ನಾನು ನನ್ನ ಲಾರಿಯನ್ನು ಅಂಚಿಗೆ ಇಳಿಸಿ ನಿಲ್ಲಿಸಿ, ಹಾರಿ ರಸ್ತೆಯ ನಡುವೆ ಹೋಗಿ, ಎರಡೂ ಕೈ ಮೇಲೆತ್ತಿ ನಿಂತೆ. ಹೆಸರು ಹಿಡಿದು ಕೂಗಿದೆ.

ಬೋರೇಗೌಡರು ನನ್ನನ್ನು ನೋಡಿದರು. ನೋಡಿದ್ದು ಖಂಡಿತ. ಆದರೆ ಲಾರಿಯ ವೇಗ ಒಂದಿಷ್ಟೂ ತಗ್ಗಲಿಲ್ಲ. ಕೊನೆಯ ಗಳಿಗೆಯಲ್ಲಿ ನಾನೇ ಚರಂಡಿಗೆ ಹಾರಿಕೊಂಡೆ.

ಅಲ್ಲಿ ಬಿದ್ದಿದ್ದವನನ್ನು ಅಂದಿನಿಂದ ಒಂದೇ ಪ್ರಶ್ನೆ ಕಾಡುತ್ತಿದೆ. ಅವರು ನನ್ನನ್ನು ಯಾವ ಕಡೆಯವನೆಂದು ತಿಳಿದರು?